ಹಳೆಯ ಸಾಧಾರಣ ಕಾರಿನ ಸೆಳೆತ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಹೊಸದಾಗಿದ್ದಾಗಲೂ ಯಾರೂ ವಿಶೇಷವೆಂದು ಹೊಗಳದ, ಇಂದಿಗೂ ಹೆಚ್ಚು ಬೆಲೆ ಬಾಳದ, ಆದರೆ ಯಾರೋ ಜೋಪಾನವಾಗಿ ಉಳಿಸಿಕೊಂಡು ಬಂದ ಹಳೆಯ ಕಾರುಗಳೇ ಆ ವಿಷಯ.

ಪ್ರಶ್ನೆ: ಮಾನ್ಯರೆ, ವಿಂಟೇಜ್ ಕಾರುಗಳ ಪ್ರದರ್ಶನಕ್ಕೆ ಹೋದರೆ ಎಲ್ಲರೂ ಹೊಳೆಯುವ ಸ್ಪೋರ್ಟ್ಸ್ ಕಾರುಗಳ ಮುಂದೆ ಗುಂಪುಗೂಡುತ್ತಾರೆ. ನನಗೆ ಮಾತ್ರ ಒಂದು ಮೂಲೆಯಲ್ಲಿ ನಿಂತಿರುವ, ಮೂವತ್ತು ವರ್ಷ ಹಳೆಯ, ನಾಲ್ಕು ಬಾಗಿಲಿನ ಮಾಮೂಲಿ ಕಾರಿನ ಮುಂದೆಯೇ ಕಾಲು ನಿಲ್ಲುತ್ತದೆ. ಅಂಥದ್ದೊಂದನ್ನು ಕೊಳ್ಳುವ ಆಸೆಯೂ ಇದೆ. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ. ಈ ಸೆಳೆತಕ್ಕೆ ಏನಾದರೂ ಅರ್ಥವಿದೆಯೇ?

ಉತ್ತರ: ಖಂಡಿತ ಇದೆ. ಒಂದು ಕಾಲಕ್ಕೆ ಬೀದಿ ತುಂಬ ಓಡಾಡುತ್ತಿದ್ದ ಕಾರುಗಳೇ ಮುಂದೆ ಅಪರೂಪವಾಗುತ್ತವೆ. ದುಬಾರಿ ಸ್ಪೋರ್ಟ್ಸ್ ಕಾರನ್ನು ಕೊಂಡವರು ಮೊದಲ ದಿನದಿಂದಲೇ ಅದಕ್ಕೆ ಹೊದಿಕೆ ಹಾಕಿ ಕಾಪಾಡುತ್ತಾರೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಸಾಮಾನು ಹೇರಿಕೊಂಡು, ಮಳೆ ಬಿಸಿಲೆನ್ನದೆ ದುಡಿದ ಸಾಧಾರಣ ಕಾರನ್ನಾದರೋ, ರಿಪೇರಿಯ ಖರ್ಚು ಅದರ ಬೆಲೆಯನ್ನು ಮೀರಿದ ದಿನವೇ ಗುಜರಿಗೆ ಹಾಕುತ್ತಾರೆ. 1961ರಲ್ಲಿ ಬಂದ ರೆನೋ 4 ಮೂರು ದಶಕಗಳ ಅವಧಿಯಲ್ಲಿ 80 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. 2003ರಲ್ಲಿ ಮೆಕ್ಸಿಕೋದ ಪ್ಯೂಬ್ಲಾ ಕಾರ್ಖಾನೆಯಲ್ಲಿ ಕೊನೆಯ ಹಳೆಯ ಬೀಟಲ್ ಹೊರಬರುವ ಹೊತ್ತಿಗೆ ಫೋಕ್ಸ್‌ವ್ಯಾಗನ್ ಅಂಥ 2 ಕೋಟಿ 15 ಲಕ್ಷ ಕಾರುಗಳನ್ನು ತಯಾರಿಸಿತ್ತು. ಬೀಟಲ್‌ನಂಥ ಕೆಲವಕ್ಕೆ ಅಭಿಮಾನಿಗಳು ಸಿಕ್ಕಿದ್ದರಿಂದ ಅವು ಉಳಿದವು. ಅದೇ ಕಾಲದ ಎಷ್ಟೋ ಮಾಮೂಲಿ ಕಾರುಗಳ ಪರವಾಗಿ ಮಾತನಾಡುವವರೇ ಇರಲಿಲ್ಲ.

ಅವು ಮಾಯವಾಗಲು ವಯಸ್ಸೊಂದೇ ಕಾರಣವಲ್ಲ. 2009ರಲ್ಲಿ ಅಮೆರಿಕ ಸರ್ಕಾರವು ಹೆಚ್ಚು ಇಂಧನ ಕುಡಿಯುವ ಹಳೆಯ ವಾಹನವನ್ನು ಒಪ್ಪಿಸಿ ಹೊಸದನ್ನು ಕೊಳ್ಳುವವರಿಗೆ ಸಹಾಯಧನ ಘೋಷಿಸಿದಾಗ, ಕೆಲವೇ ವಾರಗಳಲ್ಲಿ ಸುಮಾರು 6 ಲಕ್ಷ 77 ಸಾವಿರ ವಾಹನಗಳು ಹಾಗೆ ಬಂದು ಸೇರಿದವು. ಅವು ಮತ್ತೆ ರಸ್ತೆಗಿಳಿಯಬಾರದೆಂದು ಎಂಜಿನ್ ಆಯಿಲ್ ಇಳಿಸಿ, ಆ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ತುಂಬಿ, ಎಂಜಿನ್ ಸೀಜ್ ಆಗುವವರೆಗೆ ಓಡಿಸಲಾಯಿತು. ಯೋಜನೆಯ ಉದ್ದೇಶ ಏನೇ ಇರಲಿ, ಜೋಪಾನವಾಗಿ ಇಟ್ಟುಕೊಂಡಿದ್ದ ಕಾರುಗಳೂ ಕೆಟ್ಟು ಕೆರ ಹಿಡಿದವುಗಳ ಜೊತೆಯಲ್ಲೇ ಹೋದವೆಂಬುದು ನನಗೆ ಈಗಲೂ ನೋವಿನ ಸಂಗತಿ. ಅಂಥ ಕಾಲವನ್ನೆಲ್ಲ ದಾಟಿ ಒಂದು ಸಾಮಾನ್ಯ ಕಾರು ಇಂದು ನಿಮ್ಮ ಕಣ್ಣಿಗೆ ಬೀಳುತ್ತದೆಂದರೆ, ಲಾಭದ ಲೆಕ್ಕವಿಲ್ಲದೆ ಯಾರೋ ಅದನ್ನು ವರ್ಷಗಟ್ಟಲೆ ನೋಡಿಕೊಂಡಿದ್ದಾರೆ ಎಂದೇ ಅರ್ಥ. ನಿಮ್ಮ ಕಾಲನ್ನು ಹಿಡಿದು ನಿಲ್ಲಿಸುವುದು ಆ ಆರೈಕೆ ಎಂದು ನನ್ನ ನಂಬಿಕೆ.

ಇನ್ನೊಂದು ಕಾರಣವೂ ಇದೆ. ಕಡಿಮೆ ಖರ್ಚಿನಲ್ಲಿ ಕಾರು ಮಾಡಬೇಕೆಂಬ ಒತ್ತಡದಲ್ಲಿ ವಿನ್ಯಾಸಕಾರರು ತೋರಿದ ಜಾಣ್ಮೆ ಇಂಥ ಕಾರುಗಳಲ್ಲೇ ಎದ್ದು ಕಾಣುತ್ತದೆ. ಜೊರ್ಜೆತ್ತೊ ಜುಜಾರೊ ವಿನ್ಯಾಸ ಮಾಡಿದ, 1980ರ ಫಿಯೆಟ್ ಪಾಂಡಾದ ಒಳಗೆ ಒಮ್ಮೆ ಕುಳಿತು ನೋಡಿ. ಮುಂದಿನ ಗಾಜೂ ಸೇರಿದಂತೆ ಎಲ್ಲ ಗಾಜುಗಳೂ ಚಪ್ಪಟೆ, ಏಕೆಂದರೆ ಬಾಗಿದ ಗಾಜಿಗಿಂತ ಚಪ್ಪಟೆ ಗಾಜು ಅಗ್ಗ. ದೊಡ್ಡ ಡ್ಯಾಶ್‌ಬೋರ್ಡಿನ ಬದಲು ಈ ತುದಿಯಿಂದ ಆ ತುದಿಯವರೆಗೆ ಬಟ್ಟೆ ಹೊದಿಸಿದ ಒಂದು ತೆರೆದ ಪಾಕೆಟ್ ಇದೆ; ಸೀಟಿನ ಕವರುಗಳನ್ನು ಕಳಚಿ ಒಗೆಯಬಹುದು; ಹಿಂದಿನ ಸೀಟನ್ನು ಚಪ್ಪಟೆಯಾಗಿ ಹಾಸಿದರೆ ಮಲಗುವ ಜಾಗವಾಗುತ್ತದೆ. ಅಲ್ಲಿ ಅಲಂಕಾರಕ್ಕೆಂದು ಇಟ್ಟದ್ದು ಬಹುತೇಕ ಏನೂ ಇಲ್ಲ, ಆದರೂ ನೋಡಲು ಬೇಸರವಾಗುವುದಿಲ್ಲ.

ನಿಮ್ಮ ಅಭಿರುಚಿಗೆ ಜೊತೆಗಾರರೂ ಇದ್ದಾರೆ. ಬ್ರಿಟನ್ನಿನಲ್ಲಿ 2014ರಿಂದ ‘ಫೆಸ್ಟಿವಲ್ ಆಫ್ ದಿ ಅನ್‌ಎಕ್ಸೆಪ್ಶನಲ್’ ಎಂಬ ಮೇಳ ನಡೆಯುತ್ತಿದೆ. ಬಹುಮಾನ ಪಡೆಯಲು ಅಲ್ಲಿ ಕಾರು ವೇಗದ್ದಾಗಿರಬೇಕಿಲ್ಲ, ಐಷಾರಾಮದ್ದೂ ಆಗಿರಬೇಕಿಲ್ಲ. ಸಾಧಾರಣವಾಗಿದ್ದು, ಚೆನ್ನಾಗಿ ಉಳಿದು ಬಂದಿದ್ದರೆ ಸಾಕು.

ಪ್ರಶ್ನೆ: ಇಪ್ಪತ್ತೆಂಟು ವರ್ಷ ಹಳೆಯ ಕಾರೊಂದು ಮಾರಾಟಕ್ಕಿದೆ. ಮೀಟರಿನಲ್ಲಿ 22 ಸಾವಿರ ಕಿಲೋಮೀಟರ್ ಮಾತ್ರ ಇದೆ. ಹೆಚ್ಚಿನ ಕಾಲ ಶೆಡ್ಡಿನಲ್ಲೇ ನಿಂತಿತ್ತಂತೆ. ಕಣ್ಣು ಮುಚ್ಚಿಕೊಂಡು ಕೊಳ್ಳಬಹುದೇ?

ಉತ್ತರ: ಕಣ್ಣು ತೆರೆದುಕೊಂಡೇ ಕೊಳ್ಳಿ. ಕಡಿಮೆ ಓಡಿದ ಕಾರು ಎಂದರೆ ಚೆನ್ನಾಗಿರುವ ಕಾರು ಎಂದು ತಿಳಿಯುವುದು ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ದುಬಾರಿಯಾದ ತಪ್ಪು ಕಲ್ಪನೆ.

ಮೊದಲು ಮೀಟರು ಹೇಳುವುದು ನಿಜವೇ ನೋಡಿ. ಎಷ್ಟೋ ಹಳೆಯ ಕಾರುಗಳ ಮೀಟರಿನಲ್ಲಿ ಐದೇ ಅಂಕಿಗಳಿರುತ್ತವೆ. 99,999 ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಆದ್ದರಿಂದ 22 ಸಾವಿರ ಎಂಬುದು 1 ಲಕ್ಷ 22 ಸಾವಿರವೂ ಆಗಿರಬಹುದು. ಬ್ರೇಕ್ ಮತ್ತು ಕ್ಲಚ್ ಪೆಡಲಿನ ರಬ್ಬರನ್ನು ಬೆರಳಿನಿಂದ ಮುಟ್ಟಿ ನೋಡಿ: ಗೀರುಗಳು ಸವೆದು ನುಣುಪಾಗಿದ್ದರೆ, ಅಥವಾ ಉಳಿದೆಲ್ಲವೂ ಹಳತಾಗಿದ್ದು ಪೆಡಲ್ ರಬ್ಬರ್ ಮಾತ್ರ ಹೊಸದಾಗಿದ್ದರೆ, ಮೀಟರಿನ ಮಾತನ್ನು ನಂಬಬೇಡಿ. ಚಾಲಕನ ಸೀಟಿನಲ್ಲಿ ಬಾಗಿಲಿನ ಕಡೆಯ ಅಂಚು, ಸ್ಟಿಯರಿಂಗ್ ಚಕ್ರದ ಹೊಳಪು, ಗೇರ್ ಹಿಡಿ, ಇವೆಲ್ಲ ಒಂದೇ ಕಥೆಯನ್ನು ಹೇಳಬೇಕು. ಕಿಟಕಿ ಗಾಜುಗಳ ಮೂಲೆಯಲ್ಲಿಯೂ ಸೀಟ್ ಬೆಲ್ಟಿನ ಚೀಟಿಯ ಮೇಲೆಯೂ ತಯಾರಿಕೆಯ ಕಾಲದ ಗುರುತು ಸಾಮಾನ್ಯವಾಗಿ ಇರುತ್ತದೆ. ಒಂದು ಬಾಗಿಲಿನ ಗಾಜು ಮಾತ್ರ ಕಾರಿಗಿಂತ ಐದು ವರ್ಷ ಚಿಕ್ಕದೆಂದಾದರೆ ಆ ಬದಿಗೆ ಎಂದೋ ಪೆಟ್ಟು ಬಿದ್ದಿರಬಹುದು. ಸರ್ವಿಸ್ ಪುಸ್ತಕ, ಹಳೆಯ ಬಿಲ್ಲುಗಳು ಸಿಕ್ಕರೆ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ.

ಮೀಟರು ನಿಜವೇ ಆಗಿದ್ದರೂ, ನಿಂತ ಕಾರು ನಿಂತಲ್ಲೇ ಹಾಳಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹಾಗೆ ಹೀರಿಕೊಂಡಂತೆ ಅದು ಕುದಿಯುವ ಉಷ್ಣತೆ ಇಳಿದು, ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಹಿಡಿದಾಗ ಕೊಳವೆಯೊಳಗೆ ಆವಿ ಕಟ್ಟಿಕೊಂಡು ಪೆಡಲ್ ಮೆತ್ತಗೆ ನೆಲಕ್ಕಿಳಿಯುತ್ತದೆ. ಅದೇ ತೇವದಿಂದ ಬ್ರೇಕಿನ ಸಿಲಿಂಡರುಗಳು ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ. ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಎಂಜಿನ್ನಿನ ಆಯಿಲ್ ಸೀಲುಗಳು ಒಣಗುತ್ತವೆ, ರೇಡಿಯೇಟರಿನ ಹೋಸ್ ಪೈಪುಗಳು ಬಿರುಕು ಬಿಡುತ್ತವೆ. ಪಿಸ್ಟನ್ನಿನ ಚಲನೆಗೆ ತಕ್ಕಂತೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾಗಿದ್ದರೆ, ಎಷ್ಟೇ ಕಡಿಮೆ ಓಡಿದ್ದರೂ ಮೊದಲು ಬೆಲ್ಟ್ ಬದಲಿಸಿ, ಆಮೇಲೆ ದಾರಿಗಿಳಿಯಿರಿ. ಬೆಲ್ಟಿಗೆ ಕಿಲೋಮೀಟರಿನಷ್ಟೇ ವರ್ಷಗಳೂ ಲೆಕ್ಕ, ಅದು ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವುಗಳಿಗೆ ಬಡಿಯುತ್ತದೆ. ಟೈರಿನ ಪಕ್ಕೆಯ ಮೇಲೆ ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ: 2317 ಎಂದಿದ್ದರೆ 2017ರ 23ನೆಯ ವಾರ. ಮೂರೇ ಅಂಕಿಗಳಿದ್ದರೆ ಆ ಟೈರು 2000ಕ್ಕಿಂತ ಹಿಂದಿನದು. ನೋಡಲು ಹೊಸದರಂತಿದ್ದರೂ ಅದರ ಮೇಲೆ ಕಾರು ಓಡಿಸಬೇಡಿ.

ಇವೆಲ್ಲ ದುಡ್ಡು ಕೊಟ್ಟರೆ ಸರಿಯಾಗುವ ದೋಷಗಳು. ತುಕ್ಕು ಹಾಗಲ್ಲ. ಕಾರಿನ ಕಾರ್ಪೆಟ್ ಎತ್ತಿ ಕೆಳಗಿನ ತಗಡನ್ನು ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರವನ್ನು ಹೊರತೆಗೆದು ಆ ಗುಂಡಿಯೊಳಗೆ ಕೈಯಾಡಿಸಿ, ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹರಿದುಹೋಗಲೆಂದು ಇಟ್ಟಿರುವ ಸಣ್ಣ ತೂತುಗಳು ಮಣ್ಣು ತುಂಬಿ ಮುಚ್ಚಿವೆಯೇ ಪರೀಕ್ಷಿಸಿ. ಕಾರು ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುವುದರಿಂದ, ಬಣ್ಣದ ಮೇಲೆ ಒಂದು ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ಅಂಗೈಯಗಲ ತಗಡು ಹೋಗಿರುತ್ತದೆ. ಬಾಗಿಲಿನ ಕೆಳಗಿನ ಪೆಟ್ಟಿಗೆಯಾಕಾರದ ಭಾಗದ ಉದ್ದಕ್ಕೂ ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಆಡಿಸಿ. ಅದು ಹಿಡಿಯದ ಕಡೆ ಉಕ್ಕಿನ ಬದಲು ಪುಟ್ಟಿ ಇದೆ. ಎಂಜಿನ್ ಸುಸ್ತಾಗಿದ್ದು ಬಾಡಿ ಗಟ್ಟಿಯಾಗಿರುವ ಕಾರನ್ನು ಕೊಳ್ಳಿ ಎಂದೇ ನಾನು ಎಲ್ಲರಿಗೂ ಹೇಳುವುದು. ಇದರ ತಿರುಗುಮುರುಗಾದದ್ದು ಬೇಡವೇ ಬೇಡ.

ಪ್ರಶ್ನೆ: ನಾನು ಕೊಂಡ ಹಳೆಯ ಕಾರಿನ ಬಣ್ಣ ಮಸುಕಾಗಿದೆ, ಬಾಗಿಲಿನ ಮೇಲೆ ಒಂದೆರಡು ಗೀರುಗಳಿವೆ. ಪೂರ್ತಿ ಟಿಂಕರಿಂಗ್ ಮಾಡಿಸಿ, ಹೊಸ ಬಣ್ಣ ಹೊಡೆಸಿ, ಸೀಟುಗಳಿಗೆ ಚರ್ಮದ ಹೊದಿಕೆ ಹಾಕಿಸಬೇಕೆಂದಿದ್ದೇನೆ. ನಿಮ್ಮ ಸಲಹೆ?

ಉತ್ತರ: ದಯವಿಟ್ಟು ಆತುರಪಡಬೇಡಿ. ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಇನ್ನೂ ಉಳಿದಿದೆಯೆಂದರೆ ಅದೇ ನಿಮ್ಮ ಕಾರಿನ ದೊಡ್ಡ ಆಸ್ತಿ. ಮಸುಕಾದ ಬಣ್ಣವನ್ನು ಎಚ್ಚರಿಕೆಯಿಂದ ಪಾಲಿಷ್ ಮಾಡಿದರೆ ಬಹುಪಾಲು ಹೊಳಪು ಮರಳುತ್ತದೆ. ಹೊಸ ಬಣ್ಣದ ಕೆಳಗೆ ಏನು ಅಡಗಿದೆಯೋ ಎಂಬ ಅನುಮಾನ ಮುಂದೆ ನೋಡುವವರಿಗೆಲ್ಲ ಬರುತ್ತದೆ. ಹಳೆಯ ಬಣ್ಣದ ವಿಷಯದಲ್ಲಿ ಆ ಅನುಮಾನಕ್ಕೆ ಎಡೆಯೇ ಇಲ್ಲ.

ಸೀಟಿನ ಬಟ್ಟೆಯ ಬಗ್ಗೆ ಇನ್ನೂ ಬಲವಾಗಿ ಹೇಳುತ್ತೇನೆ. ಸಾಮಾನ್ಯ ಕಾರುಗಳ ಎಂಜಿನ್, ಬ್ರೇಕ್, ಕ್ಲಚ್ಚಿನ ಬಿಡಿಭಾಗಗಳು ಹಲವು ಮಾದರಿಗಳಿಗೆ ಹೊಂದುವುದರಿಂದ ದಶಕಗಳ ನಂತರವೂ ಹುಡುಕಿದರೆ ದೊರೆಯುತ್ತವೆ. ಆ ಒಂದೇ ಮಾದರಿಗೆಂದು ನೇಯಿಸಿದ ಸೀಟಿನ ಬಟ್ಟೆ, ಬಾಗಿಲಿನ ಒಳ ಹಲಗೆ, ರಬ್ಬರ್ ಬೀಡಿಂಗ್, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಗುಂಡಿಗಳು ಹಾಗೆ ಸಿಗುವುದಿಲ್ಲ; ದುಬಾರಿ ಕಾರುಗಳಿಗಾದರೆ ಅವನ್ನು ಮತ್ತೆ ತಯಾರಿಸುವವರಿದ್ದಾರೆ, ಸಾಧಾರಣ ಕಾರಿಗೆ ಯಾರೂ ತಯಾರಿಸುವುದಿಲ್ಲ. ಚರ್ಮ ಹೊದಿಸಲೆಂದು ಕಿತ್ತೆಸೆದ ಕಂದು ಚೌಕಳಿ ಬಟ್ಟೆಯನ್ನು ಎಷ್ಟು ಹಣ ಕೊಟ್ಟರೂ ಮರಳಿ ತರಲಾಗದು. ಬಿಸಿಲಿನಿಂದ ಡ್ಯಾಶ್‌ಬೋರ್ಡ್ ಸೀಳುವುದು, ಅದರ ಪ್ಲಾಸ್ಟಿಕ್ಕನ್ನು ಮೃದುವಾಗಿಡುವ ರಾಸಾಯನಿಕಗಳು ಕ್ರಮೇಣ ಆವಿಯಾಗುವುದರಿಂದ. ಆದ್ದರಿಂದ ನೆರಳಿನಲ್ಲಿ ನಿಲ್ಲಿಸುವುದೇ ಅದಕ್ಕೆ ಮದ್ದು. ಬಾಗಿಲಿನ ಗೀರುಗಳಿಂದ ತಗಡು ಕಾಣುತ್ತಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಬಣ್ಣ ಮುಟ್ಟಿಸಿ.

ಪ್ರಶ್ನೆ: ಅಂದಿನ ಕಾರುಗಳು ದಪ್ಪ ತಗಡಿನವು, ಇಂದಿನವುಗಳಿಗಿಂತ ಭದ್ರ ಎನ್ನುತ್ತಾರೆ. ಮಕ್ಕಳನ್ನು ಕರೆದುಕೊಂಡು ದಿನವೂ ಓಡಾಡಬಹುದೇ?

ಉತ್ತರ: ಈ ಕಾರುಗಳನ್ನು ನಾನು ಎಷ್ಟೇ ಪ್ರೀತಿಸಿದರೂ ಈ ಪ್ರಶ್ನೆಗೆ ನನ್ನ ಉತ್ತರ ಬೇಡವೆಂದೇ. 2009ರಲ್ಲಿ ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಸಂಸ್ಥೆಯು 1959ರ ಶೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಶೆವ್ರೊಲೆ ಮಾಲಿಬು ಕಾರನ್ನೂ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಸಿತು. ದಪ್ಪ ತಗಡಿನ ಬೆಲ್ ಏರ್‌ನಲ್ಲಿ ಚಾಲಕ ಕೂರುವ ಜಾಗವೇ ಕುಸಿಯಿತು. ಅದರಲ್ಲಿ ಮನುಷ್ಯನಿದ್ದಿದ್ದರೆ ಬದುಕುಳಿಯುವುದು ಕಷ್ಟವಿತ್ತು. ಮಾಲಿಬುವಿನ ಮುಂಭಾಗ ನಜ್ಜುಗುಜ್ಜಾದರೂ ಒಳಗಿನ ಜಾಗ ಉಳಿಯಿತು. ಪೆಟ್ಟನ್ನು ತಾನು ತಿಂದು ಒಳಗಿರುವವರನ್ನು ಕಾಪಾಡುವಂತೆ ಮುಂಭಾಗವನ್ನು ರೂಪಿಸುವುದರಲ್ಲಿ ಸುರಕ್ಷತೆಯಿದೆ, ತಗಡಿನ ದಪ್ಪದಲ್ಲಲ್ಲ.

ಆದುದರಿಂದ ದಿನದ ಓಡಾಟಕ್ಕೂ ಮಕ್ಕಳಿಗೂ ಬೇರೆ ಕಾರಿರಲಿ. ಹಳೆಯದನ್ನು ಹಗಲು ಹೊತ್ತಿನಲ್ಲಿ, ವಾಹನ ದಟ್ಟಣೆ ಕಡಿಮೆಯಿರುವ ರಸ್ತೆಗಳಲ್ಲಿ, ಮುಂದಿನ ವಾಹನದಿಂದ ಹೆಚ್ಚು ಅಂತರವಿಟ್ಟು ಓಡಿಸಿ. ಮೂರು ಬಿಂದುಗಳ ಸೀಟ್ ಬೆಲ್ಟನ್ನು ವೋಲ್ವೊ ಕಂಪನಿ 1959ರಲ್ಲೇ ತಂದು, ಅದರ ಪೇಟೆಂಟನ್ನು ಉಳಿದ ತಯಾರಕರೂ ಬಳಸಲು ಬಿಟ್ಟುಕೊಟ್ಟಿತ್ತು. ನಿಮ್ಮ ಕಾರಿನಲ್ಲಿ ಅದು ಇಲ್ಲದಿದ್ದರೆ, ಕೂಡಿಸಲು ಗಟ್ಟಿ ಆಧಾರವಿರುವ ಮಾದರಿಯೇ ಎಂದು ಬಲ್ಲ ಮೆಕ್ಯಾನಿಕ್ ಬಳಿ ವಿಚಾರಿಸಿ.

ಪ್ರಶ್ನೆ: ಹಳೆಯ ಕಾರು ಹೊಗೆ ಹೆಚ್ಚು ಉಗುಳುತ್ತದಲ್ಲವೇ? ಈಗಿನ ಪೆಟ್ರೋಲ್ ಅದಕ್ಕೆ ಒಗ್ಗುತ್ತದೆಯೇ?

ಉತ್ತರ: ಹೌದು, ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರು ಪ್ರತಿ ಕಿಲೋಮೀಟರಿಗೆ ಹೊಸದಕ್ಕಿಂತ ಬಹಳ ಹೆಚ್ಚು ಹೊಗೆ ಬಿಡುತ್ತದೆ. ಅಪರೂಪಕ್ಕೆ ಹೊರಬರುವ ಕಾರಿನ ಪಾಲು ಅಷ್ಟೇನೂ ದೊಡ್ಡದಲ್ಲ, ಆದರೂ ಟ್ಯೂನಿಂಗ್ ಸರಿಯಾಗಿಟ್ಟುಕೊಳ್ಳುವುದು ಮಾಲೀಕರ ಹೊಣೆ. ರಸ್ತೆ ವಾಹನಗಳಿಗೆ ಸೀಸ ಬೆರೆಸಿದ ಪೆಟ್ರೋಲ್ ಮಾರುವುದು 2021ರಲ್ಲಿ ಅಲ್ಜೀರಿಯದಲ್ಲಿಯೂ ನಿಂತಿತು. ಅಲ್ಲಿಗೆ ಜಗತ್ತಿನಲ್ಲೆಲ್ಲ ಅದರ ಕಾಲ ಮುಗಿಯಿತು. ಆ ಪೆಟ್ರೋಲಿಗೆಂದೇ ಮಾಡಿದ ಎಂಜಿನ್ನುಗಳಲ್ಲಿ ವಾಲ್ವ್ ಸೀಟುಗಳು, ಅಂದರೆ ವಾಲ್ವು ಮುಚ್ಚಿದಾಗ ಬಂದು ಕೂರುವ ಅಂಚುಗಳು, ಬೇಗ ಸವೆಯಬಹುದು, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟುಗಳನ್ನು ಕೂರಿಸಿದರೆ ಆಯಿತು. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಇಂಧನದ ಪೈಪುಗಳನ್ನು ಅದಕ್ಕೆ ತಾಳುವಂಥವುಗಳಿಗೆ ಬದಲಿಸುವುದನ್ನು ಮುಂದೂಡಬೇಡಿ, ಸೋರುವ ಪೆಟ್ರೋಲಿನಿಂದ ಬೆಂಕಿ ಹತ್ತುತ್ತದೆ.

ಪ್ರಶ್ನೆ: ಇಂಥ ಕಾರಿಗೆ ಮುಂದೆ ಬೆಲೆ ಬರುತ್ತದೆಯೇ? ಅದಕ್ಕಾಗಿ ಓಡಿಸದೆ ಇಡುವುದು ಒಳ್ಳೆಯದೇ?

ಉತ್ತರ: ಬರುತ್ತದೆಂದು ಕೊಳ್ಳಬೇಡಿ. ವಿಮೆ, ನಿಲ್ಲಿಸುವ ಜಾಗ, ಟೈರು, ಬ್ಯಾಟರಿಗಳಿಗೆ ಹಾಕಿದ ಹಣ ಸಾಧಾರಣ ಕಾರಿನಲ್ಲಿ ಮರಳಿ ಬರುವುದು ಕಡಿಮೆ. ಅಗ್ಗವಾಗಿರುವುದರಿಂದ ನಿಮಗೆ ಸಿಗುವ ಲಾಭವೇ ಬೇರೆ: ಬೆಲೆ ಬಿದ್ದೀತೆಂಬ ಭಯವಿಲ್ಲದೆ ಅದನ್ನು ಓಡಿಸಬಹುದು, ಬಾನೆಟ್ ಎತ್ತಿ ಸ್ವತಃ ಪ್ಲಗ್ ಬಿಚ್ಚಿ ನೋಡಿ ಕಲಿಯಬಹುದು. ಎರಡು ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ, ಅಂದರೆ ಅರ್ಧ ಗಂಟೆಯಾದರೂ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಬೇಡ. ಅದರಿಂದ ಸೈಲೆನ್ಸರಿನಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ, ಬ್ಯಾಟರಿಯೂ ಚಾರ್ಜ್ ಆಗುವುದಿಲ್ಲ. ಓಡಿದ್ದು ಕಡಿಮೆಯೇ ಆದರೂ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ, ತಾರೀಖನ್ನೂ ಕಿಲೋಮೀಟರನ್ನೂ ಆ ಹಳೆಯ ಸರ್ವಿಸ್ ಪುಸ್ತಕದಲ್ಲೇ ಬರೆದಿಡಿ.