ಬಣ್ಣದ ಮಾತು ಕೊನೆಗೆ: ಹಳೇ ಕಾರು ಪ್ರಶ್ನೋತ್ತರ

ನಮ್ಮ ತಂದೆಯವರ 1984ರ ಪ್ರೀಮಿಯರ್ ಪದ್ಮಿನಿ ಮನೆ ಹಿಂದಿನ ಶೆಡ್ಡಿನಲ್ಲಿ ಹತ್ತು ವರ್ಷದ ಮೇಲಿಂದ ನಿಂತಿದೆ. ಅವರು ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ. ಮುಂದಿನ ವರ್ಷ ಮಗಳ ಮದುವೆ. ಅದೇ ಕಾರಿನಲ್ಲಿ ಅವಳನ್ನು ಛತ್ರಕ್ಕೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಒಬ್ಬ ಪೇಂಟರ್ ಒಂದೇ ತಿಂಗಳಲ್ಲಿ ಹೊಸದರ ಹಾಗೆ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಡಬಹುದಾ?
– ಓದುಗರು, ತಿಪಟೂರು

ಮದುವೆಗೆ ಇನ್ನೂ ಟೈಮ್ ಇದೆ, ಕಾರನ್ನು ಓಡುವ ಹಾಗೆ ಮಾಡಬಹುದು. ಆದರೆ ಪೇಂಟರ್ ಕೈಗೆ ಈಗಲೇ ಕೊಡಬೇಡಿ. ಬಣ್ಣ ಕೊನೆಗೆ. ಮೊದಲು ತುಕ್ಕು, ಆಮೇಲೆ ಬ್ರೇಕು, ಇಂಜಿನ್ನು. ಈ ಕ್ರಮ ತಪ್ಪಿದರೆ ಹೊಸ ಬಣ್ಣದ ಪಕ್ಕದಲ್ಲೇ ವೆಲ್ಡಿಂಗ್ ಮಾಡಬೇಕಾಗುತ್ತದೆ. ಬಣ್ಣ ಸುಟ್ಟು ಗುಳ್ಳೆ ಏಳುತ್ತದೆ, ಕೊಟ್ಟ ದುಡ್ಡು ನೀರುಪಾಲು.

ಪದ್ಮಿನಿಗೆ ಲಾರಿ, ಜೀಪುಗಳಿಗಿರುವ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ತಳದ ತಗಡು ಮತ್ತು ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪಟ್ಟಿ, ಇವೇ ಭಾರ ಹೊರುವುದು. ಅಲ್ಲಿ ತುಕ್ಕು ತಿಂದಿದ್ದರೆ ಗಾಡಿಯ ಬಲವೇ ಹೋಗಿರುತ್ತದೆ.

ಈ ಭಾನುವಾರ ಒಂದು ಕೆಲಸ ಮಾಡಿ. ಸಣ್ಣದೊಂದು ಅಯಸ್ಕಾಂತ ತಗೊಳ್ಳಿ, ಕೆಟ್ಟ ಸ್ಪೀಕರಿನದ್ದಾದರೂ ಸರಿ. ಗೀರು ಬೀಳದ ಹಾಗೆ ತೆಳು ಬಟ್ಟೆ ಸುತ್ತಿ. ಬಾಗಿಲಿನ ಕೆಳಭಾಗ, ಚಕ್ರದ ಮೇಲಿನ ಕಮಾನು, ಡಿಕ್ಕಿಯ ಅಂಚು, ಹೀಗೆ ಎಲ್ಲ ಕಡೆ ನಿಧಾನವಾಗಿ ಎಳೆಯುತ್ತಾ ಹೋಗಿ. ತಗಡಿರುವ ಕಡೆ ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿತ ಸಡಿಲಾಗಿ ಜಾರಿದರೆ ಅಲ್ಲಿ ಹಿಂದೆ ಯಾರೋ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಒಳಗಿನ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ಹಿಡಿಯಿಂದ ತಳವನ್ನು ತಟ್ಟಿ. ಒಳ್ಳೆ ತಗಡು ಠಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ, ಕೆಳಗೆ ಕೆಂಪು ಪುಡಿ ಉದುರುತ್ತದೆ. ಹಿಂದಿನ ಸೀಟಿನ ಕೆಳಗೆ ಮತ್ತು ಸ್ಟೆಪ್ನಿ ಇಡುವ ಜಾಗದಲ್ಲಿ ಬಿಡದೆ ನೋಡಿ. ಗಾಜಿನ ಸುತ್ತಲಿನ ರಬ್ಬರ್ ಒಣಗಿ ಸಂದಿನಿಂದ ಇಳಿದ ನೀರು ನಿಲ್ಲುವುದು ಅಲ್ಲೇ.

ಕೊಳೆತ ತಗಡನ್ನು ಕತ್ತರಿಸಿ ತೆಗೆದು ಹೊಸ ತಗಡು ಕೂರಿಸುವವರಿಗೇ ಟಿಂಕರಿಂಗ್, ಅಂದರೆ ತಗಡಿನ ಕೆಲಸ, ಕೊಡಿ. ಮೇಲೊಂದು ತೇಪೆ ಹಾಕಿ ಪುಟ್ಟಿ ಬಳಿಯುವವರು ಬೇಡ. ಇಲ್ಲಿ ಮೈಸೂರಿನಲ್ಲಿ ನಮ್ಮ ಗ್ಯಾರೇಜಿಗೆ ಬರುವ ಟಿಂಕರ್ ಭಾಯ್ ಒಬ್ಬರಿದ್ದಾರೆ. ಮರಳಿನ ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ಬಡಿದು ಬಡಿದು ಚಕ್ರದ ಕಮಾನಿನ ಆಕಾರ ತರುತ್ತಾರೆ. ನಂತರ ಕಣ್ಣು ಮುಚ್ಚಿಕೊಂಡು ಅಂಗೈ ಸವರಿ ನೋಡುತ್ತಾರೆ. ಕಣ್ಣಿಗೆ ಕಾಣದ ತಗ್ಗು ಅವರ ಅಂಗೈಗೆ ಸಿಗುತ್ತದೆ. ಅಂಥವರು ನಿಮ್ಮ ಕಡೆಯೂ ಇರುತ್ತಾರೆ. ಹಳೇ ಬಸ್ಸಿನ ಬಾಡಿ ಕಟ್ಟಿದವರನ್ನು ವಿಚಾರಿಸಿ.

ಇಂಜಿನ್ ವಿಷಯ. ಬ್ಯಾಟರಿ ತಂದು ಸೆಲ್ಫ್ ಹೊಡೆಯಲೇಬೇಡಿ. ಇಷ್ಟು ವರ್ಷ ನಿಂತರೆ ಪಿಸ್ಟನ್ ರಿಂಗುಗಳು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಂಡಿರಬಹುದು. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ತೂತಿಗೂ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ಮೂರು ದಿನ ಸುಮ್ಮನಿರಿ. ಬಳಿಕ ಮೆಕ್ಯಾನಿಕ್ ಕೈಯಲ್ಲಿ ಸ್ಪ್ಯಾನರ್ ಹಾಕಿಸಿ ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ ನೋಡಿ. ತಿರುಗಿದರೆ ಅರ್ಧ ಗೆದ್ದ ಹಾಗೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿರುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ, ಕಾರ್ಬೊರೇಟರ್ ಬಿಚ್ಚಿ ಸ್ವಚ್ಛ ಮಾಡಿಸಿ. ಈ 1089 ಸಿಸಿ ಇಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣದ್ದು, ಅದರ ಮೇಲಿನ ಮುಚ್ಚಳ ಅಂದರೆ ಹೆಡ್ ಅಲ್ಯೂಮಿನಿಯಂದು. ಬರೀ ಬೋರ್‌ವೆಲ್ ನೀರು ಹಾಕಿ ಓಡಿಸಿದ್ದರೆ ಹೆಡ್ಡಿನೊಳಗಿನ ನೀರಿನ ದಾರಿ ಸವೆದಿರುತ್ತದೆ. ಹೆಡ್ ಬಿಚ್ಚಿದರೆ ಲೇತ್ ಅಂಗಡಿಯಲ್ಲಿ ಮಟ್ಟ ನೋಡಿಸಿ. ಇನ್ನು ಮುಂದೆ ಕೂಲೆಂಟ್ ಹಾಕಿ.

ಬ್ರೇಕಿನಲ್ಲಿ ಉಳಿತಾಯ ಬೇಡ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ವೀಲ್ ಸಿಲಿಂಡರ್ ರಬ್ಬರ್, ಹೋಸ್, ಮಾಸ್ಟರ್ ಸಿಲಿಂಡರ್ ಕಿಟ್ ಎಲ್ಲ ಹೊಸದೇ ಆಗಲಿ. ಮದುಮಗಳನ್ನು ಕೂರಿಸಿಕೊಂಡು ಹೋಗುವ ಗಾಡಿ ಅಲ್ವಾ?

ಬಿಚ್ಚುವ ಮೊದಲು ಪ್ರತಿಯೊಂದರ ಫೋಟೋ ತೆಗೆಯಿರಿ. ಬಿಚ್ಚಿದ ಒಂದು ಕ್ಲಿಪ್ಪನ್ನೂ ಎಸೆಯಬೇಡಿ, ಕವರಿಗೆ ಹಾಕಿ ಹೆಸರು ಬರೆದಿಡಿ. ಪದ್ಮಿನಿ ಕಾರ್ಖಾನೆ ನಿಂತ ಮೇಲೂ ಮುಂಬೈ ಟ್ಯಾಕ್ಸಿಗಳಿದ್ದವು, ಹಾಗಾಗಿ ಸ್ಪೇರ್‌ಗೆ ವ್ಯಾಪಾರವೂ ಇತ್ತು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಈಗ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿ ಹುಡುಕಬೇಕು.

ಕಾಗದಪತ್ರವನ್ನೂ ಈಗಲೇ ಶುರುಮಾಡಿ. ತಂದೆಯವರ ಹೆಸರಿನಿಂದ ನಿಮ್ಮ ಹೆಸರಿಗೆ ಮಾಡಿಸಲು ನಮೂನೆ 31 ಮತ್ತು ಮರಣ ಪ್ರಮಾಣಪತ್ರ ಬೇಕು. ಆರ್‌ಸಿ ನವೀಕರಣಕ್ಕೆ ನಮೂನೆ 25. ಬಣ್ಣ ಬದಲಿಸಿದರೆ ಅದೂ ಆರ್‌ಸಿಯಲ್ಲಿ ದಾಖಲಾಗಬೇಕು, ಅದಕ್ಕೇ ಹಳೇ ಬಣ್ಣವೇ ಇರಲಿ ಅನ್ನುತ್ತೇನೆ. ಇನ್ನೊಂದು ಮಾತು. ಸ್ಟಿಯರಿಂಗಿನಲ್ಲಿ ತಂದೆಯವರ ಕೈ ಸವೆಸಿದ ಜಾಗ ಇದ್ದರೆ ಅದನ್ನು ಹಾಗೇ ಬಿಡಿ. ಪಾಲಿಶ್ ಮಾಡಿಸಬೇಡಿ.

ಎಸ್ಟೇಟಿನಲ್ಲಿ ಓಡಾಡಲು ಹಳೇ ಮಹೀಂದ್ರ ಜೀಪ್ ಕೊಂಡಿದ್ದೇನೆ. ಬೇರೆ ಕಂಪನಿಯ ಟರ್ಬೊ ಡೀಸೆಲ್ ಇಂಜಿನ್, ಅಗಲ ಟೈರು, ಎತ್ತರದ ಸಸ್ಪೆನ್ಷನ್ ಹಾಕಿಸಬೇಕು ಅಂತಿದ್ದೇನೆ. ಎಲ್ಲರೂ ಹಾಕಿಸುತ್ತಾರೆ, ಏನಾಗಲ್ಲ ಅನ್ನುತ್ತಾರೆ.
– ಓದುಗರು, ಸಕಲೇಶಪುರ

ಆಗುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಇಂಜಿನ್ ಕೆಟ್ಟು ಅದೇ ತರಹದ್ದು ಹಾಕುವುದಾದರೆ ಆರ್‌ಟಿಒ ಅನುಮತಿ ಪಡೆದು ನಂಬರ್ ದಾಖಲಿಸಬಹುದು. ನೀವು ಹೇಳುವುದು ಅದಲ್ಲ. ನಾಳೆ ಘಾಟಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ನೋಡುವುದು ಆರ್‌ಸಿಯನ್ನೇ.

ಕಾನೂನು ಬಿಡಿ, ಗಾಡಿಯನ್ನೇ ನೋಡಿ. ಆ ಜೀಪಿನ ಗೇರ್‌ಬಾಕ್ಸ್, ಆಕ್ಸಲ್, ಬ್ರೇಕು ಎಲ್ಲ ಅದರ ಇಂಜಿನ್ನಿನ ಎಳೆತಕ್ಕೆ ಅಳೆದು ಮಾಡಿದ್ದು. ಎರಡು ಪಟ್ಟು ಜೋರಿನ ಇಂಜಿನ್ ಕೂರಿಸಿದರೆ ಮೊದಲು ಆಕ್ಸಲ್ಲಿನೊಳಗಿನ ಕ್ರೌನ್ ಪಿನಿಯನ್ ಗೇರಿನ ಹಲ್ಲು ಉದುರುತ್ತದೆ. ಎತ್ತರ ಮಾಡಿದರೆ ತಿರುವಿನಲ್ಲಿ ಮಗುಚುವುದು ಸುಲಭ. ಹೊರಗೆ ಚಾಚಿದ ಅಗಲ ಟೈರು ವೀಲ್ ಬೇರಿಂಗು, ಮುಂದಿನ ಚಕ್ರ ತಿರುಗಿಸುವ ಕೀಲಾದ ಕಿಂಗ್‌ಪಿನ್ ತಿನ್ನುತ್ತದೆ.

ಹಾಗಂತ ಏನನ್ನೂ ಮುಟ್ಟಬಾರದು ಅಂತ ನಾನು ಹೇಳುವುದಿಲ್ಲ. ನಾಳೆ ಬಿಚ್ಚಿದರೆ ಗಾಡಿ ಮೊದಲಿನ ಹಾಗೇ ಆಗಬೇಕು, ಅಷ್ಟೇ ನನ್ನ ಅಳತೆ. ಸೀಟ್ ಬೆಲ್ಟ್ ಹಾಕಿಸಿ. ಹೆಡ್‌ಲೈಟಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ರಿಲೇ ಹಾಕಿಸಿ ದಪ್ಪ ವೈರ್ ಎಳೆಸಿ, ಬೆಳಕು ಎಷ್ಟು ಜಾಸ್ತಿಯಾಗುತ್ತದೆ ನೋಡಿ. ಲೀಫ್ ಪಟ್ಟಿಗಳ ಬುಷ್, ಶಾಕ್ ಅಬ್ಸಾರ್ಬರ್ ಹೊಸದು ಮಾಡಿಸಿ. ಬ್ರೇಕು ಸರಿಮಾಡಿಸಿ. ಇಷ್ಟಕ್ಕೇ ಎಸ್ಟೇಟಿನ ದಾರಿಯಲ್ಲಿ ಅದು ಬೇರೆ ಗಾಡಿಯೇ ಅನ್ನಿಸುತ್ತದೆ.

ನಮ್ಮದು ಮಾರ್ಕ್ 2 ಅಂಬಾಸಿಡರ್. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ಹಾಕಿದ ಮೇಲೆ ಪೆಟ್ರೋಲ್ ವಾಸನೆ, ಬೆಳಗ್ಗೆ ಸ್ಟಾರ್ಟ್ ಆಗಲು ತೊಂದರೆ.
– ಓದುಗರು, ಬೆಳಗಾವಿ

ವಾಸನೆ ಅಂದರೆ ಮೊದಲು ಗಾಡಿ ನಿಲ್ಲಿಸಿ. ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ರಬ್ಬರ್ ಹೋಸ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೆರಳಿಂದ ಹಿಸುಕಿ ನೋಡಿ. ಮೆತ್ತಗಾಗಿದ್ದರೆ, ಬಿರುಕಿದ್ದರೆ ಅದೇ ಕಾರಣ. ಹಳೇ ಕಾಲದ ರಬ್ಬರ್ 20 ಪರ್ಸೆಂಟ್ ಎಥೆನಾಲಿಗೆ ಮಾಡಿದ್ದಲ್ಲ. ಎಥೆನಾಲ್ ತಡೆಯುವ ಹೋಸ್ ಕೇಳಿ ತಗೊಳ್ಳಿ. ಪೆಟ್ರೋಲ್ ಪಂಪಿನ ಡಯಾಫ್ರಂ ಕೂಡ ಬದಲಿಸಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ವಾರಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ. ಆಗಾಗ ಓಡಿಸಿ. ಎಥೆನಾಲಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಅದಕ್ಕೆ ಕಾರ್ಬೊರೇಟರ್ ಮಿಕ್ಸ್ಚರ್ ಸ್ವಲ್ಪ ದಪ್ಪ, ಅಂದರೆ ಗಾಳಿಗೆ ಪೆಟ್ರೋಲ್ ಪಾಲು ಜಾಸ್ತಿ, ಮಾಡಿಸಿ. ಸ್ಟಾರ್ಟಿಂಗ್ ಸರಿಹೋಗುತ್ತದೆ.

ಇನ್ನೊಂದು ಕೆಲಸ ಹೆಡ್ ಬಿಚ್ಚುವ ದಿನ ಬಂದರೆ ಮಾಡಿಸಿ. ನಿಮ್ಮ ಇಂಜಿನ್ ಸೀಸ ಬೆರೆತ ಪೆಟ್ರೋಲ್ ಕಾಲದ್ದು. ಆ ಸೀಸ ವಾಲ್ವ್ ಕೂರುವ ಜಾಗ, ಅಂದರೆ ವಾಲ್ವ್ ಸೀಟ್, ಸವೆಯದ ಹಾಗೆ ಕಾಯುತ್ತಿತ್ತು. 2000ದಿಂದ ದೇಶದಲ್ಲಿ ಅದು ಇಲ್ಲ. ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟ್ ಕೂರಿಸಿದರೆ ವಾಲ್ವ್ ತುದಿಯಲ್ಲಿ ಬಿಡುವ ಟಪೆಟ್ ಸಂದು ಪದೇ ಪದೇ ಕಡಿಮೆಯಾಗುವ ಕಾಟ ಮುಗಿಯುತ್ತದೆ.

ನನ್ನ ಮಗ ಐಟಿಐ ಓದುತ್ತಿದ್ದಾನೆ. ಹಳೇ ಕಾರು ಅಂದರೆ ಪ್ರಾಣ. ನಮಗೆ ಕೊಳ್ಳುವ ಶಕ್ತಿ ಇಲ್ಲ ಸರ್. ಅವನನ್ನು ಎಲ್ಲಿಗೆ ಕರೆದುಕೊಂಡು ಹೋದರೆ ನೋಡಬಹುದು? ಇದರಲ್ಲಿ ಹೊಟ್ಟೆ ತುಂಬುತ್ತದಾ?
– ಓದುಗರು, ದಾವಣಗೆರೆ

ತುಂಬುತ್ತದೆ ತಾಯಿ. ನಿಮ್ಮ ಕಾಗದ ಓದಿ ತುಂಬ ಖುಷಿಯಾಯಿತು. ಹಳೇ ಕಾರು ಇಟ್ಟುಕೊಂಡವರು ಇದ್ದಾರೆ, ದುಡ್ಡು ಕೊಡಲು ತಯಾರಿದ್ದಾರೆ. ಕೆಲಸ ಬಲ್ಲ ಕೈಗಳೇ ಕಡಿಮೆಯಾಗುತ್ತಿವೆ. ಕಿವಿಯಿಂದ ಕೇಳಿ ಕಾರ್ಬೊರೇಟರ್ ಟ್ಯೂನ್ ಮಾಡುವವರು, ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟ್ ಸೆಟ್ ಮಾಡುವವರು ಈಗ ಹೆಚ್ಚಾಗಿ ವಯಸ್ಸಾದವರೇ. ಕಂಪ್ಯೂಟರ್ ಹಾಕಿ ನೋಡುವ ಹೊಸ ಗ್ಯಾರೇಜಿನಲ್ಲಿ ಇದನ್ನು ಕಲಿಸುವುದಿಲ್ಲ. ರಜೆಯಲ್ಲಿ ನಿಮ್ಮ ಊರಿನ ಹಿರಿಯ ಮೇಸ್ತ್ರಿ ಒಬ್ಬರ ಹತ್ತಿರ ಬಿಡಿ. ಮೊದಲು ವೆಲ್ಡಿಂಗ್, ತಗಡಿನ ಕೆಲಸ ಕಲಿಯಲಿ. ಇಂಜಿನ್ ಕಲಿಯಲು ಎಲ್ಲರೂ ಬರುತ್ತಾರೆ, ತಗಡಿಗೆ ಯಾರೂ ಬರುವುದಿಲ್ಲ.

ನೋಡಲು ಶ್ರೀರಂಗಪಟ್ಟಣದ ಹತ್ತಿರ ನಾಗನಹಳ್ಳಿಯಲ್ಲಿ ಪಯಣ ಕಾರು ಸಂಗ್ರಹಾಲಯ ಇದೆ. ಕಟ್ಟಡವೇ ಚಕ್ರದ ಕ್ಯಾಪಿನ ಆಕಾರದಲ್ಲಿದೆ. ಧರ್ಮಸ್ಥಳಕ್ಕೆ ಹೋದರೆ ಅಲ್ಲಿನ ಮಂಜೂಷಾ ಸಂಗ್ರಹಾಲಯದ ಕಾರುಗಳನ್ನು ತಪ್ಪದೆ ತೋರಿಸಿ. ಹೋದಾಗ ಬರೀ ಫೋಟೋ ಬೇಡ. ಕಾರಿನ ಮೂಲೆಯಲ್ಲಿ ಬಗ್ಗಿ ನಿಂತು ಪಕ್ಕದ ಮೈಯುದ್ದಕ್ಕೂ ಬೆಳಕು ಹೇಗೆ ಓಡುತ್ತದೆ ನೋಡಲಿ. ಬೆಳಕಿನ ಗೆರೆ ಅಲುಗಿದ ಕಡೆ ತಗಡು ನೆಟ್ಟಗಿಲ್ಲ. ಬಾಗಿಲಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯಾ ನೋಡಲಿ. ರ‍್ಯಾಲಿಗಳಲ್ಲಿ ಮಾಲೀಕರನ್ನು ಕೇಳಿಯೇ ಹತ್ತಿರ ಹೋಗಲಿ, ಬೆಲ್ಟ್ ಬಕಲ್ ತಾಗದಿರಲಿ. ಹಾಗೆ ಮರ್ಯಾದೆಯಿಂದ ಕೇಳುವ ಹುಡುಗನಿಗೆ ಬಾನೆಟ್ ಎತ್ತಿ ತೋರಿಸದ ಮಾಲೀಕರನ್ನು ನಾನು ನೋಡಿಲ್ಲ.

1969ರ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ, ಹಳೇ ಮೈಸೂರು ರಾಜ್ಯದ ಎಂವೈ ಸರಣಿಯ ನಂಬರ್. ಆರ್‌ಸಿ ಚಾಲ್ತಿಯಲ್ಲಿದೆ. ವಿಂಟೇಜ್ ನೋಂದಣಿ ಮಾಡಿಸಲೇಬೇಕಾ? ನಂಬರ್ ಹೋಗುತ್ತದಾ?
– ಓದುಗರು, ಬೆಂಗಳೂರು

ಕಡ್ಡಾಯ ಅಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ‘ವಿಎ’ ಅಕ್ಷರದ ನಂಬರ್ ಹೊಸದಾಗಿ ನೋಂದಾಯಿಸುವವರಿಗೆ. ಈಗಾಗಲೇ ನೋಂದಣಿ ಇರುವವರು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಆದ ಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಮನೆಯವರನ್ನು ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗಬೇಕು ಅಂದರೆ ಮಾಮೂಲಿ ನೋಂದಣಿಯಲ್ಲೇ ಇರಿ, ಐದೈದು ವರ್ಷಕ್ಕೆ ನವೀಕರಿಸಿ. ನಾನಾದರೆ ಅದನ್ನೇ ಮಾಡುತ್ತೇನೆ. ಹೆರಾಲ್ಡ್ ಓಡಿಸಲು ಮಾಡಿದ ಕಾರು.

ಯಾವುದೇ ದಾರಿ ಹಿಡಿದರೂ ಮೊದಲು ಮಡ್‌ಗಾರ್ಡ್ ಸಮೇತ ಆ ದೊಡ್ಡ ಬಾನೆಟ್ಟನ್ನು ಮುಂದಕ್ಕೆ ಎತ್ತಿ. ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಒಂದು ಅಂಕಿ ಹೆಚ್ಚುಕಮ್ಮಿ ಇದ್ದರೂ ಗ್ಯಾರೇಜಿಗೆ ಹೋಗುವ ಮೊದಲು ಆರ್‌ಟಿಒಗೆ ಹೋಗಿ ಸರಿಮಾಡಿಸಿ.