ಟಾಮ್ ಬ್ರೇಡಿ ಗೆಲುವನ್ನೂ ಸುಧಾರಣೆಯನ್ನೂ ಹೇಗೆ ಕಾಣುತ್ತಿದ್ದರು?

ವೃತ್ತಿಪರ ಲೀಗಿನ ವಾರ್ಷಿಕ ಫೈನಲ್ ಆದ ಸೂಪರ್ ಬೌಲನ್ನು 7 ಬಾರಿ ಗೆದ್ದ ಅಮೆರಿಕನ್ ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿಯವರ ಪಾಲಿಗೆ ಯಶಸ್ಸೆಂದರೆ ಏನಾಗಿತ್ತು ಎಂದು ನೀವು ಕೇಳಿದ್ದೀರಿ. ನನ್ನ ಮಟ್ಟಿಗೆ ಇದರ ಸುಳಿವು ತಂಡಗಳು ಸುತ್ತುಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ, 2000ದ ಆಯ್ಕೆಯಲ್ಲೇ ಇದೆ: 40 ಗಜದ ಓಟಕ್ಕೆ 5.28 ಸೆಕೆಂಡು ತೆಗೆದುಕೊಂಡಿದ್ದ, ಮೈಕಟ್ಟೂ ಅಷ್ಟಕ್ಕಷ್ಟೇ ಆಗಿದ್ದ ಅವರನ್ನು ನ್ಯೂ ಇಂಗ್ಲೆಂಡ್ ಪೇಟ್ರಿಯಾಟ್ಸ್ ತಂಡವು 6ನೇ ಸುತ್ತಿನಲ್ಲಿ, 199ನೆಯವರಾಗಿ ಆರಿಸಿಕೊಂಡಿತು. ಓಟದ ವೇಗವು ತಮಗೆ ಒಲಿದು ಬಂದದ್ದಲ್ಲವಾದ್ದರಿಂದ, ಎದುರಾಳಿಗಳ ವ್ಯೂಹವನ್ನು ವಿಡಿಯೊಗಳಲ್ಲಿ ಅಭ್ಯಸಿಸುವುದು, ಕ್ಷಣಾರ್ಧದಲ್ಲಿ ನಿರ್ಧರಿಸಿ ಚೆಂಡನ್ನು ಎಸೆಯುವುದು ಮುಂತಾಗಿ ತಾಲೀಮಿನಿಂದ ತಿದ್ದಿಕೊಳ್ಳಬಹುದಾದ ಸಂಗತಿಗಳ ಮೇಲೆಯೇ ಅವರು ಗಮನವಿಟ್ಟರು. ಪ್ರಶಸ್ತಿಗಳು ಬಂದ ಮೇಲೂ ಬೇಸ್‌ಬಾಲ್‌ನ ಮಾಜಿ ಪಿಚರ್ (ಚೆಂಡೆಸೆಯುವ ಆಟಗಾರ) ಟಾಮ್ ಹೌಸ್ ಅವರ ಬಳಿ ಎಸೆತದ ಭಂಗಿಯನ್ನು ತಿದ್ದಿಸಿಕೊಂಡರು. ಪಳಗಿದ ಕೈ ಮತ್ತೆ ವಿದ್ಯಾರ್ಥಿಯಾಗುವುದು ಸುಲಭವಲ್ಲ.

ಗೆಲುವು ಅವರಿಗೆ ಪೂರ್ತಿ ತೃಪ್ತಿ ಕೊಟ್ಟಿತೆಂದೂ ಹೇಳಲಾಗದು. 3 ಸೂಪರ್ ಬೌಲ್ ಗೆದ್ದಿದ್ದ 2005ರಲ್ಲಿ, ಬದುಕಿನಲ್ಲಿ ಇದಕ್ಕೂ ಮಿಗಿಲಾದದ್ದೇನೋ ಇರಲೇಬೇಕೆಂಬ ಅಳಲನ್ನು ಅವರು ಟಿವಿ ಸಂದರ್ಶನವೊಂದರಲ್ಲಿ ತೋಡಿಕೊಂಡಿದ್ದರು. ಆದರೂ ಆಟ ಬಿಡಲಿಲ್ಲ. 2017ರ ಫೈನಲ್‌ನಲ್ಲಿ 28–3ರಷ್ಟು ಹಿಂದೆ ಬಿದ್ದಿದ್ದ ತಂಡವನ್ನು 34–28ರ ಜಯದತ್ತ ನಡೆಸಿದರು, 2021ರಲ್ಲಿ, 43ನೇ ವಯಸ್ಸಿನಲ್ಲಿ, ಟ್ಯಾಂಪಾ ಬೇ ಬಕನೀರ್ಸ್ ಪರವಾಗಿ 7ನೆಯದನ್ನೂ ಗೆದ್ದರು.