ಶಾರದಕ್ಕನ ಕಥೆ ಎಲ್ಲಿ ಹೋಯಿತು?

ನಮಸ್ಕಾರ,

ನಿಮ್ಮ ಕಾದಂಬರಿಯನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ತೀರ್ಥಹಳ್ಳಿ ಕಡೆಯ ತವರಿಗೆ ಬಂದ ಶಾರದಕ್ಕ ಅಡಿಕೆ ತೋಟದಲ್ಲಿ ತನ್ನ ಪಾಲು ಕೇಳುತ್ತಾಳೆ. ತಮ್ಮ ಗಣಪತಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅನ್ನುತ್ತಾನೆ. ಗಟ್ಟಿ ಕಥೆ ಇದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೂ ‘ತವರು ಬೇಕೋ, ಪಾಲು ಬೇಕೋ’ ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ಇನ್ನೂ ನಿಂತಿಲ್ಲ. (ವಕೀಲರ ಬಾಯಲ್ಲಿ ಕಾನೂನನ್ನು ಎರಡು ಪುಟ ಹೇಳಿಸಿದ್ದೀರಿ. ಒಂದು ಸಾಲು ಸಾಕು.)

ತೊಂದರೆ ಇರುವುದು ಉಪಕಥೆಗಳಲ್ಲಿ. “ಓದುಗರಿಗೆ ಬೇಸರ ಆಗದಿರಲಿ ಅಂತ ಮೂರು ಸೇರಿಸಿದ್ದೇನೆ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ವಿನಲ್ಲೂ ಬೇಕಾದಷ್ಟು ಕಥೆಗಳಿವೆಯಲ್ಲ” ಅಂತ ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ಇವೆ, ನಿಜ. 1967ರ ಆ ಕಾದಂಬರಿಯಲ್ಲಿ ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಚಿನ್ನಮ್ಮ ಬೇಡದ ಮದುವೆ ತಪ್ಪಿಸಿಕೊಂಡು ಓಡುತ್ತಾಳೆ. ಅವಳಿಗೆ ನೆರವಾಗುವ ಐತ, ಪೀಂಚಲು ತಾವೇ ಇನ್ನೊಂದು ಜೋಡಿ. ಜಾತಿ ಬೇರೆ, ಮನೆ ಬೇರೆ. ಆದರೆ ಇಷ್ಟಪಟ್ಟವರ ಜೊತೆ ಬದುಕಲು ಏನೆಲ್ಲ ಪಡಬೇಕು ಅನ್ನುವುದು ಎಲ್ಲರ ಪಾಡು. ಒಬ್ಬರ ಓಟ ಇನ್ನೊಬ್ಬರ ದಾರಿಗೆ ಬಂದು ಸೇರುತ್ತದೆ. ನಿಮ್ಮಲ್ಲಿ ಹಾಗಾಗಿಲ್ಲ. ಶಾರದಕ್ಕನದು ಒಂದು ಅಧ್ಯಾಯ, ಆಮೇಲೆ ಅಡಿಕೆಯ ಕೊಳೆರೋಗದ್ದು, ಆಮೇಲೆ ಗಣಪತಿಯ ಮಗಳು ಅನುಷಾಳ ಪ್ರೀತಿಯದು, ಆಮೇಲೆ ಸೊಸೈಟಿ ಚುನಾವಣೆಯದು, ಹೀಗೆ ಸರದಿ ಪ್ರಕಾರ ಬರುತ್ತವೆ. ಯಾವುದಕ್ಕೂ ಯಾವುದರ ಬಿಸಿಯೂ ತಟ್ಟುವುದಿಲ್ಲ.

ಕೊಳೆರೋಗದ ಭಾಗವನ್ನೇ ನೋಡಿ. ಇಡೀ ಕಾದಂಬರಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದು. ಮಳೆಗಾಲಕ್ಕೆ ಮುಂಚೆ ಒಂದು ಸಲ ಬೋರ್ಡೋ ದ್ರಾವಣ ಹೊಡೆಸಿ ಆಗಿದೆ. ಎರಡನೇ ಸಲಕ್ಕೆ ಮೈಲುತುತ್ತ, ಸುಣ್ಣ ಎಲ್ಲ ತಯಾರಿದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಜಗಲಿಯಲ್ಲಿ ಕೂತು ಎಲೆ ಹಾಕುತ್ತಿದ್ದಾನೆ. ಮಳೆ ಮಾತ್ರ ಬಿಟ್ಟು ಹೊಳವಾಗುತ್ತಿಲ್ಲ. ಗಣಪತಿ ಮರದ ಬುಡದಲ್ಲಿ ಉದುರಿದ ಕಾಯಿ ಹೆಕ್ಕಿ, ಬಿಳಿ ಬೂಷ್ಟನ್ನು ಬೆರಳಲ್ಲಿ ಒರೆಸಿ ನೋಡುತ್ತಾನೆ. ಎಷ್ಟು ಚೆನ್ನಾಗಿದೆ! ಆದರೆ ಫಸಲು ಹೋದ ಮೇಲೆ ಏನಾಯಿತು? ನೀವು ಅಲ್ಲಿಗೇ ಬಿಟ್ಟಿದ್ದೀರಿ. ಅವನಿಗೆ ಸಾಲ ಬೇಕಾಗುತ್ತದೆ ಅಲ್ವಾ? ಪಹಣಿ ಇನ್ನೂ ಅಪ್ಪನ ಹೆಸರಿನಲ್ಲಿದೆ. ಅದು ತನ್ನ ಒಬ್ಬನ ಹೆಸರಿಗೇ ಬರಬೇಕಾದರೆ ಅಕ್ಕನ ಸಹಿ ಬೇಕು. ಈಗ ಅವನು ಬರೀ ಆಸೆಬುರುಕ ಅಲ್ಲ, ಸಿಕ್ಕಿಬಿದ್ದವನು. ಶಾರದಕ್ಕನಿಗೂ ‘ಕೊಡಲ್ಲ’ ಅನ್ನುವುದು ಕಷ್ಟವಾಗುತ್ತದೆ. ಉಪಕಥೆ ಮುಖ್ಯಕಥೆಯ ಜುಟ್ಟು ಹಿಡಿಯುವುದು ಹೀಗೆ.

ಅನುಷಾ ಬೆಂಗಳೂರಿನ ಪಾರ್ಕಿನಲ್ಲೇ ಉಳಿದುಬಿಟ್ಟಿದ್ದಾಳೆ. ಅವಳನ್ನು ಊರಿಗೆ ಕರೆಸಿ. ಮೇಜಿನ ಮೇಲಿನ ಆ ಬಿಡುಗಡೆ ಪತ್ರವನ್ನು ಅವಳೂ ಓದಲಿ. ‘ಅಪ್ಪಾ, ನಾಳೆ ನನ್ನ ಹತ್ರಾನೂ ಇದಕ್ಕೆ ಸಹಿ ಹಾಕಿಸ್ಕೋತೀಯಾ?’ ಅಂತ ಕೇಳಲಿ. ಇದೇ ಮಾತು ಬೇಕಂತಿಲ್ಲ, ನಿಮಗೆ ಇನ್ನೂ ಒಳ್ಳೆಯದು ಹೊಳೆಯಬಹುದು. ಆದರೆ ಮನೆಯಲ್ಲಿ ಒಪ್ಪದ ಹುಡುಗನನ್ನು ಮದುವೆಯಾಗಲು ಹೊರಟವಳಿಗೆ ಅತ್ತೆ ಶಾರದಕ್ಕನ ಜಗಳ ಬರೀ ಅತ್ತೆಯದಾಗಿ ಕಾಣಲಾರದು.

ಚುನಾವಣೆಯನ್ನು ಪೂರ್ತಿ ತೆಗೆಯಿರಿ. ನೋವಾಗುತ್ತದೆ ಅಂತ ಗೊತ್ತು, ಅಧ್ಯಕ್ಷರ ಮಾತುಗಳು ತುಂಬ ಜೀವಂತವಾಗಿವೆ. ಬೇರೆ ಸಣ್ಣಕಥೆಗೆ ಇಟ್ಟುಕೊಳ್ಳಿ. ಇಲ್ಲಿ ಅದು ಮಾಡುವ ಹಾನಿ ದೊಡ್ಡದು. ಶಾರದಕ್ಕ ಪೆನ್ನು ಕೆಳಗಿಟ್ಟು ಎದ್ದುಹೋದ ಮೇಲೂ ಮತ ಎಣಿಕೆ ಪುಟಗಟ್ಟಲೆ ನಡೆಯುತ್ತದೆ. ಅಷ್ಟು ಹೊತ್ತಿಗೆ ಓದುಗ ಎದ್ದುಹೋಗಿರುತ್ತಾನೆ. ಉಪಕಥೆಗಳನ್ನು ಅವಳ ತೀರ್ಮಾನಕ್ಕೆ ಮುಂಚೆಯೇ ಮುಗಿಸಿ, ಇಲ್ಲವೇ ಅದರ ಜೊತೆಗೇ ಮುಗಿಸಿ.

ಈಗಲೇ ಇಡೀ ಕಾದಂಬರಿಗೆ ಕೈ ಹಾಕಬೇಡಿ. ಫಸಲು ಹೋದಲ್ಲಿಂದ ಗಣಪತಿ ಅಕ್ಕನ ಮುಂದೆ ಕಾಗದ ಇಡುವವರೆಗಿನ ಭಾಗವನ್ನು ಮಾತ್ರ ಹೊಸದಾಗಿ ಬರೆದು ಕಳಿಸಿ. ಅದನ್ನು ಓದಿ ಮುಂದಿನದನ್ನು ಮಾತಾಡೋಣ.

ಇಂತಿ,
ಸಂಪಾದಕ